ಶಿವಮೊಗ್ಗ ದುರ್ಗಿಗುಡಿ ಹತ್ರದ ಅಕ್ವೇರಿಯಂ ಮೀನಿನ ಅಂಗಡಿ ಅಣ್ಣಂಗೆ ಥ್ಯಾಂಕ್ಸ್

ಮಗಳಿಗೆ ಗಪ್ಪಿ ಮೀನು ಸಾಕೋ ಆಸೆ, ವಿನೋಬನಗರದಲ್ಲಿ ಮನೆ ಖಾಲಿ ಮಾಡ್ತಿದ್ದೋರ ಹತ್ರ ಹಳೇ ಟ್ಯಾಂಕ್ ತಗೊಂಡ್ವಿ, ಒಳಗೆಲ್ಲ ಬಿಳಿ ಕಲೆ, ಒಂದು ಮೂಲೇಲಿ ಗಾಜು ಅಂಟಿಸೋ ಸಿಲಿಕಾನ್ ಎದ್ದಿತ್ತು. ಆಟೋದಲ್ಲಿ ಅಂಗಡಿಗೆ ತಂದಾಗ ಜೋರು ಮಳೆ, ಶಟರ್ ಅರ್ಧ ಇಳಿಸಾಗಿತ್ತು. ಆ ಅಣ್ಣ ಮತ್ತೆ ಎತ್ತಿ, ಆಟೋದಲ್ಲೇ ಮೊಬೈಲ್ ಟಾರ್ಚ್ ಹಿಡಿದು ಒಂದೊಂದೇ ಜಾಯಿಂಟ್ ಬೆರಳಲ್ಲಿ ಒತ್ತಿ ಒತ್ತಿ ನೋಡಿದ್ರು.

"ಸೋಪು ಮುಟ್ಟಿಸ್ಬೇಡಿ ಅಕ್ಕ, ಕಲೆಗೆ ಬಿಳಿ ವಿನೆಗರ್ ಹಚ್ಚಿ ಚೆನ್ನಾಗಿ ತೊಳೀರಿ ಸಾಕು." ಎದ್ದಿದ್ದನ್ನ ಬ್ಲೇಡಲ್ಲಿ ಪೂರ್ತಿ ಕೆರೆದ್ರು, ಹಳೇದ್ರ ಮೇಲೆ ಹೊಸದು ಹಿಡಿಯಲ್ವಂತೆ, ಅಕ್ವೇರಿಯಂ ಸಿಲಿಕಾನೇ ಹಚ್ಚಿದ್ರು, ಬಾತ್‌ರೂಮ್‌ದ್ರಲ್ಲಿ ಫಂಗಸ್ ಔಷಧಿ ಇರುತ್ತೆ, ಮೀನಿಗಾಗಲ್ಲ ಅಂತ. 48 ಗಂಟೆ ಒಣಗ್ಸಿ, ಆಮೇಲೆ ಕೆಳಗೆ ಪೇಪರ್ ಹಾಸಿ ನೀರು ತುಂಬಿ ಒಂದ್ ದಿನ ಬಿಡಿ, ಪೇಪರ್ ಒದ್ದೆ ಆದ್ರೆ ವಾಪಸ್ ತನ್ನಿ ಅಂದ್ರು.

ಮೀನು ಮಾತ್ರ ಅವತ್ತು ಕೊಡ್ಲೇ ಇಲ್ಲ. ಫಿಲ್ಟರಲ್ಲಿ ಒಳ್ಳೇ ಬ್ಯಾಕ್ಟೀರಿಯಾ ಬೆಳೀದೆ ಮೀನು ಬಿಟ್ರೆ ಅವುಗಳ ಗಲೀಜಿಂದ ಅಮೋನಿಯಾ ಏರಿ ಸಾಯ್ತವೆ, ಅದಕ್ಕೆ ವಾರಗಟ್ಲೆ ಬೇಕಂತೆ. ಮಗಳ ಮುಖ ಸಣ್ಣಗಾಗಿದ್ದು ನೋಡಿ ಬಗ್ಗಿ ಕೂತು, "ಟ್ಯಾಂಕ್ ರೆಡಿ ಆದ್ಮೇಲೆ ಬಾ ಪುಟ್ಟಿ, ನಮ್ ಫಿಲ್ಟರ್ ಸ್ಪಂಜಿನ ತುಂಡು ಕೊಡ್ತೀನಿ, ಅದ್ರಲ್ಲಿ ಆ ಬ್ಯಾಕ್ಟೀರಿಯಾ ಇರುತ್ತೆ, ಬೇಗ ಆಗುತ್ತೆ" ಅಂದ್ರು, ಕೊಟ್ರು ಕೂಡ.

ಕೂಲಿ ಎಷ್ಟು ಹೇಳಿದ್ರೂ ತಗೊಳ್ಲಿಲ್ಲ. ಪೇಪರ್ ಒಣಗೇ ಇತ್ತು, ಎಷ್ಟು ನಿರಾಳ ಆಯ್ತು ಗೊತ್ತಾ ಅಣ್ಣ. ಗಪ್ಪಿ ಮರಿ ಹಾಕಿವೆ, ತೋರ್ಸೋಕೆ ಬರ್ತೀವಿ.