ಮಗಳಿಗೊಂದು ಪತ್ರ: ಮಾದರಿಯಿಂದ ಪರದೆಯವರೆಗೆ

ಪ್ರೀತಿಯ ಮಗಳೇ,

ಮಾಹಿತಿ ಮತ್ತು ನಿಯಮಗಳನ್ನು ವಿವರಿಸುವ ಮಾದರಿಗಳಿಂದ ತಂತ್ರಾಂಶದ ಪರದೆಗಳನ್ನು ಸೃಷ್ಟಿಸುವ ತಂಡವೊಂದು ನಿನ್ನನ್ನು ಕರೆದಿದೆ, ಒಪ್ಪಿಕೊಳ್ಳಲೇ ಎಂದು ನೀನು ಕೇಳಿದ್ದೀಯ. ನನ್ನ ವೃತ್ತಿಜೀವನದ ಬಹುಭಾಗ ಇದೇ ಕೆಲಸದಲ್ಲಿ ಕಳೆದಿರುವುದರಿಂದ ಒಂದೇ ಮಾತಿನಲ್ಲಿ ಉತ್ತರ ಹೇಳಿ ಮುಗಿಸಲು ಮನಸ್ಸು ಒಪ್ಪುತ್ತಿಲ್ಲ.

ನಾನು ಕೆಲಸಕ್ಕೆ ಸೇರಿದಾಗ ಪ್ರತಿಯೊಂದು ಫಾರ್ಮನ್ನೂ ಕೈಯಿಂದಲೇ ಬರೆಯುತ್ತಿದ್ದೆವು. ಗ್ರಾಹಕರ ವಿವರಕ್ಕೆ ಇನ್ನೊಂದು ಫೋನ್ ನಂಬರ್ ಸೇರಿಸಬೇಕೆಂದರೆ ಡೇಟಾಬೇಸ್‌ನ ಟೇಬಲ್, ಅದನ್ನು ಓದುವ ಕೋಡ್, ನೋಂದಣಿಯ ಪರದೆ, ತಿದ್ದುಪಡಿಯ ಪರದೆ, ಹುಡುಕುವ ಪರದೆ, ಕೊನೆಗೆ ವರದಿ, ಹೀಗೆ ಆರು ಕಡೆ ಕೈಹಾಕಬೇಕಿತ್ತು. ಐದು ಕಡೆ ಸರಿಮಾಡಿ ಆರನೆಯದನ್ನು ಮರೆತದ್ದು ಗ್ರಾಹಕರು ದೂರಿದಾಗಲೇ ನಮಗೆ ಗೊತ್ತಾಗುತ್ತಿತ್ತು. ಗ್ರಾಹಕ ಎಂದರೆ ಏನು ಎಂಬುದನ್ನು ಒಂದೇ ಕಡೆ ಮಾದರಿಯಾಗಿ ಬರೆದಿಟ್ಟು ಉಳಿದದ್ದನ್ನು ಯಂತ್ರಕ್ಕೇ ಬಿಡುವ ಆಲೋಚನೆ ನನ್ನನ್ನು ಸೆಳೆದದ್ದು ಅದಕ್ಕೇ. 2001ರಲ್ಲಿ ತಂತ್ರಾಂಶದ ಮಾನದಂಡಗಳನ್ನು ರೂಪಿಸುವ ಆಬ್ಜೆಕ್ಟ್ ಮ್ಯಾನೇಜ್‌ಮೆಂಟ್ ಗ್ರೂಪ್ ಸಂಸ್ಥೆಯು ಮಾದರಿ ಆಧಾರಿತ ವಿನ್ಯಾಸಕ್ಕೆ ತನ್ನ ಮುದ್ರೆ ಒತ್ತಿದಾಗ, ಇನ್ನು ಕೋಡ್ ಬರೆಯುವ ಕಾಲವೇ ಮುಗಿಯಿತೆಂದು ನಾವು ಹಲವರು ಪ್ರಾಮಾಣಿಕವಾಗಿ ನಂಬಿದ್ದೆವು.

ಆ ನಂಬಿಕೆಗೆ ಮೊದಲ ಪೆಟ್ಟು ಬಿದ್ದದ್ದು ನನ್ನ ಕೈಯಿಂದಲೇ. ಸಹೋದ್ಯೋಗಿಯೊಬ್ಬ, ಮಾದರಿಯಿಂದ ಕೋಡ್ ಹುಟ್ಟಿಸುವ ಜನರೇಟರ್ ಎಂಬ ತಂತ್ರಾಂಶ ಕೊಟ್ಟ ಕಡತವನ್ನೇ ತೆರೆದು ಸುಮಾರು ಎರಡು ವಾರ ಕೂತು ಪರದೆಯನ್ನು ತಿದ್ದಿ ತೀಡಿದ್ದ. ಮಾದರಿಯಲ್ಲಿ ಒಂದು ಸಣ್ಣ ಬದಲಾವಣೆ ಮಾಡಿ ನಾನು ಜನರೇಟರನ್ನು ಮತ್ತೆ ಓಡಿಸಿದೆ. ಅವನ ಶ್ರಮವೆಲ್ಲ ಅಳಿಸಿಹೋಯಿತು. ಯಂತ್ರ ಬರೆದದ್ದನ್ನು ಕ್ಲಾಸ್ ಎಂಬ ಕೋಡ್ ಘಟಕವೊಂದರಲ್ಲಿಯೂ ಮನುಷ್ಯ ಬರೆದದ್ದನ್ನು ಅದರಿಂದ ಹುಟ್ಟಿದ ಇನ್ನೊಂದು ಕ್ಲಾಸ್‌ನಲ್ಲಿಯೂ ಇಡುವ ವಿಧಾನವನ್ನು ತಂತ್ರಾಂಶ ತಜ್ಞ ಜಾನ್ ವ್ಲಿಸಿಡೆಸ್ 1990ರ ದಶಕದಲ್ಲಿಯೇ 'ಜನರೇಷನ್ ಗ್ಯಾಪ್' ಎಂಬ ಹೆಸರಿನಲ್ಲಿ ವಿವರಿಸಿದ್ದರು. ಅದನ್ನು ನಾನು ಓದಿದ್ದೆ, ಆದರೆ ಪಾಲಿಸಿರಲಿಲ್ಲ.

ಎರಡನೆಯ ಪಾಠ ಇನ್ನೂ ಆಳವಾದದ್ದು. ನಮ್ಮ ಪರದೆಗಳನ್ನು ಬಳಸುತ್ತಿದ್ದ ಮಹಿಳೆಯೊಬ್ಬರ ಪಕ್ಕದಲ್ಲಿ ಒಂದು ಬೆಳಗ್ಗೆ ಕೂತು ನೋಡಿದೆ. ಅವರ ಎಡಗೈ ಬೆರಳು ಕಾಗದದ ಅರ್ಜಿಯ ಸಾಲಿನ ಮೇಲೆ, ಬಲಗೈ ಕೀಬೋರ್ಡ್ ಮೇಲೆ. ಪರದೆಯನ್ನು ಅವರು ನೋಡುತ್ತಲೇ ಇರಲಿಲ್ಲ. ಅರ್ಜಿಯಲ್ಲಿ ಹೆಸರಿನ ನಂತರ ಜನ್ಮದಿನಾಂಕವಿತ್ತು, ನಮ್ಮ ಪರದೆಯಲ್ಲಿ ಹೆಸರಿನ ನಂತರ ವಿಳಾಸ. ಟೇಬಲ್‌ನಲ್ಲಿ ಕಾಲಂಗಳು ಯಾವ ಕ್ರಮದಲ್ಲಿದ್ದವೋ ಅದೇ ಕ್ರಮವನ್ನು ಜನರೇಟರ್ ಪರದೆಗೂ ತಂದಿತ್ತು. ಪ್ರತಿ ಅರ್ಜಿಗೂ ಅವರು ಟ್ಯಾಬ್ ಕೀಯನ್ನು ನಾಲ್ಕು ಸಲ ಮುಂದಕ್ಕೆ ಒತ್ತಿ, ಮತ್ತೆ ನಾಲ್ಕು ಸಲ ಹಿಂದಕ್ಕೆ ಬರುತ್ತಿದ್ದರು, ಒಂದು ಮಾತೂ ಆಡದೆ. ನಮ್ಮ ಮಾದರಿಗೆ ಮಾಹಿತಿ ಗೊತ್ತಿತ್ತು, ಆ ಮಾಹಿತಿಯೊಂದಿಗೆ ಮನುಷ್ಯರು ಏನು ಮಾಡುತ್ತಾರೆಂಬುದು ಗೊತ್ತಿರಲಿಲ್ಲ.

ಇದನ್ನು ಮೊದಲೇ ಕಂಡವರಿದ್ದರು. ಸಂಶೋಧಕ ಫಾಬಿಯೊ ಪಟೆರ್ನೊ ಮತ್ತು ಸಂಗಡಿಗರು 1997ರಲ್ಲಿಯೇ ಬಳಕೆದಾರರ ಕೆಲಸಗಳನ್ನು ಮರದಂತೆ ಚಿತ್ರಿಸುವ ಸಂಕೇತಪದ್ಧತಿಯನ್ನು ರೂಪಿಸಿದ್ದರು. ಪರದೆಗಳ ವಿನ್ಯಾಸಕ್ಕೆಂದು ಸಂಶೋಧಕರು ರೂಪಿಸಿದ 2003ರ ಕ್ಯಾಮೆಲಿಯಾನ್ ಚೌಕಟ್ಟು ಈ ವಿಷಯವನ್ನು ನಾಲ್ಕು ಹಂತಗಳಲ್ಲಿ ನೋಡಿತು. ಮೊದಲು ಕೆಲಸ ಮತ್ತು ಪರಿಕಲ್ಪನೆಗಳು. ನಂತರ 'ಹಲವುಗಳಲ್ಲಿ ಒಂದನ್ನು ಆರಿಸು' ಎಂಬಂಥ ಅಮೂರ್ತ ರೂಪ. ಬಳಿಕ ಆ ಆಯ್ಕೆಗೆ ದುಂಡು ಬಟನ್‌ಗಳೋ ಇಳಿಪಟ್ಟಿಯೋ ಎಂಬ ಮೂರ್ತ ರೂಪ. ಕೊನೆಗೆ ಓಡುವ ಕೋಡ್. ಮೂರು ಆಯ್ಕೆಗಳಿದ್ದರೆ ಬಟನ್, ಇನ್ನೂರಿದ್ದರೆ ಹುಡುಕುವ ಪೆಟ್ಟಿಗೆ ಎಂಬ ನಿಯಮವನ್ನು ಯಂತ್ರಕ್ಕೆ ಸುಲಭವಾಗಿ ಕಲಿಸಬಹುದು. ಆದರೆ ನಿಯಮಗಳು ಹೆಚ್ಚಿದಂತೆಲ್ಲ, ಮಾದರಿಯಲ್ಲಿ ಒಂದನ್ನು ಬದಲಿಸಿದರೆ ಪರದೆಯಲ್ಲಿ ಏನಾದೀತೆಂದು ಊಹಿಸುವುದೇ ಕಷ್ಟವಾಗುತ್ತದೆ. ಸಂಶೋಧಕರಾದ ಬ್ರಾಡ್ ಮೈಯರ್ಸ್, ಸ್ಕಾಟ್ ಹಡ್ಸನ್ ಮತ್ತು ರ‍್ಯಾಂಡಿ ಪೌಶ್ 2000ದಲ್ಲಿ ಬರೆದ ಲೇಖನದಲ್ಲಿ ಇಂಥ ಸಾಧನಗಳು ಜನಪ್ರಿಯವಾಗದಿರಲು ಈ ಅನಿಶ್ಚಿತತೆಯನ್ನೂ ಒಂದು ಕಾರಣವಾಗಿ ಎತ್ತಿ ತೋರಿಸಿದ್ದರು. ಆ ಮಾತು ಈಗಲೂ ನಿಜವೆಂದು ನನಗನಿಸುತ್ತದೆ.

ಆಮೇಲೆ ನಾನು ಕಟ್ಟಿದ ವ್ಯವಸ್ಥೆಗಳಲ್ಲಿ ಜನರೇಟರ್‌ಗೆ ಕಡಿಮೆ ಕೆಲಸ ಕೊಟ್ಟೆ. ಯಾವುದು ಕಡ್ಡಾಯ, ಯಾವುದನ್ನು ಯಾರು ನೋಡಬಹುದು, ಯಾವ ದಿನಾಂಕ ಯಾವುದಕ್ಕಿಂತ ಮುಂಚೆ ಬರಬಾರದು ಎಂಬಂಥ ಅರ್ಥಗಳು ಮಾದರಿಯಲ್ಲಿ ಉಳಿದವು. ಆಡಳಿತದ ನೂರಾರು ಸಾದಾ ಪರದೆಗಳು ಅದರಿಂದ ತಾವಾಗಿ ಹುಟ್ಟಿದವು. ದಿನವಿಡೀ ಜನ ಕೂತು ಬಳಸುವ ಕೆಲವೇ ಪರದೆಗಳನ್ನು ಮಾತ್ರ ನಾವೇ ಕೈಯಾರೆ ಬರೆದೆವು.

ಈಗ ಕೃತಕ ಬುದ್ಧಿಮತ್ತೆಯೇ ಕೋಡ್ ಬರೆಯುತ್ತಿರುವಾಗ ಮಾದರಿ ಏಕೆ ಎಂದು ನಿನ್ನ ಗೆಳತಿ ಕೇಳಿದಳಂತೆ. ಒಂದು ಪರದೆಯನ್ನು ಯಾರು ಬರೆದರೂ ಸರಿಯೇ. ನಿಯಮ ಬದಲಾದ ದಿನ ನಾನೂರು ಪರದೆಗಳೂ ಒಟ್ಟಿಗೆ ಬದಲಾಗಬೇಕಲ್ಲ, ಆ ನಿಯಮ ಎಲ್ಲಾದರೂ ಒಂದೇ ಕಡೆ ಇರಲೇಬೇಕು.

ನೀನು ಆ ತಂಡವನ್ನು ಭೇಟಿಯಾದಾಗ ಅವರ ಮಾದರಿಯನ್ನಲ್ಲ, ಜನರೇಟರ್ ಕೊಟ್ಟ ಕೋಡ್‌ನ ಮೇಲೆ ಅವರು ಕೈಯಿಂದ ಬರೆದದ್ದನ್ನು ಮೊದಲು ತೋರಿಸಲು ಕೇಳು. ನಿನ್ನೆದುರಿಗೇ ಒಮ್ಮೆ ಜನರೇಟರನ್ನು ಓಡಿಸಲೂ ಹೇಳು. ಅವರು ಹಿಂಜರಿದರೋ, ನಗುತ್ತಲೇ ಓಡಿಸಿದರೋ ಎಂಬುದನ್ನು ನನಗೆ ತಪ್ಪದೆ ಬರೆ.

ಇಂತಿ,
ನಿನ್ನ ಅಪ್ಪ