ಪಿಇಟಿಜಿ ಪ್ಲಾಸ್ಟಿಕ್ ಕೇಳಿದರೆ ಪಿಎಲ್‌ಎ ಕೊಟ್ಟು, ತಪ್ಪನ್ನು ಕಲಬುರಗಿ ಬಿಸಿಲಿನ ಮೇಲೆ ಹಾಕಿದ್ದರ ಬಗ್ಗೆ ದೂರು

ಕಲಬುರಗಿ
2 ಮೇ 2025

ಗೆ,
ಗ್ರಾಹಕ ಕುಂದುಕೊರತೆ ಅಧಿಕಾರಿಗಳು,
ತ್ರೀಡಿ ಪ್ರಿಂಟಿಂಗ್ ವಿಭಾಗ,
ಬೆಂಗಳೂರು.

ವಿಷಯ: 24 ಮಾರ್ಚ್ 2025ರಂದು ಆರ್ಡರ್ ಮಾಡಿದ ಬ್ಲಾಸ್ಟರ್ ಪ್ರಾಪ್‌ನ (ವೇಷಕ್ಕೆ ಬೇಕಾದ ಆಟಿಕೆ ಗನ್ನಿನ) ಬಿಡಿಭಾಗಗಳು ಬಾಗಿ, ಅಳತೆ ತಪ್ಪಿ ಬಂದಿರುವುದು, ಪೂರ್ತಿ ಹಣ ವಾಪಸ್ ಕೋರಿ.

ಮಾನ್ಯರೇ,

ಏಪ್ರಿಲ್ 16ರಂದು ನಿಮ್ಮ ಗ್ರಾಹಕ ಸೇವೆಯವರು ನನ್ನ ದೂರಿಗೆ ಮೂರು ಸಾಲಿನ ಉತ್ತರ ಕಳಿಸಿದ್ದಾರೆ. 'ಇದು ಪ್ರದರ್ಶನಕ್ಕಿಡುವ ಮಾದರಿ, ಅಳತೆಯಲ್ಲಿ ಶೇ 5ರಷ್ಟು ವ್ಯತ್ಯಾಸ ಸಹಜ. ಬಿಸಿಲಲ್ಲಿಟ್ಟು ಬಾಗಿದರೆ ಸಂಸ್ಥೆ ಹೊಣೆಯಲ್ಲ. ಕಸ್ಟಮ್ ಆರ್ಡರ್‌ಗೆ ರಿಟರ್ನ್ ಇಲ್ಲ.' ಈ ಮೂರೂ ಸಾಲು ತಪ್ಪು. ಏಕೆ ತಪ್ಪು ಎಂದು ಮರುದಿನವೇ ಬರೆದೆ, ಎರಡು ವಾರವಾದರೂ ಉತ್ತರವಿಲ್ಲ. ಅದಕ್ಕೇ ಈಗ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ, ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ನಾನು ಕಪನೂರ ಇಂಡಸ್ಟ್ರಿಯಲ್ ಏರಿಯಾದಲ್ಲಿ ಸಣ್ಣದೊಂದು ಲೇಥ್ ವರ್ಕ್‌ಶಾಪ್ ನಡೆಸುತ್ತೇನೆ. ಮಗಳು ಇಂಜಿನಿಯರಿಂಗ್ ಎರಡನೇ ವರ್ಷ. ಅವಳ ಕಾಲೇಜಿನ ವಾರ್ಷಿಕೋತ್ಸವದಲ್ಲಿ ವೇಷಭೂಷಣ ಸ್ಪರ್ಧೆ ಇತ್ತು. 1977ರ ಸ್ಟಾರ್ ವಾರ್ಸ್ ಚಿತ್ರದ ಹಾನ್ ಸೋಲೋ ಆಗುತ್ತೇನೆ ಎಂದಳು. ಕಪ್ಪು ವೆಸ್ಟನ್ನು ಸೂಪರ್ ಮಾರ್ಕೆಟ್‌ನ ಟೇಲರ್ ಹೊಲಿದುಕೊಟ್ಟರು. ಸೊಂಟದಲ್ಲಿ ಇಳಿಬಿಡುವ ಡಿಎಲ್-44 ಬ್ಲಾಸ್ಟರ್ ಮಾತ್ರ ನನ್ನ ಪಾಲಿಗೆ ಬಂತು.

ಅದನ್ನು ನಿಮ್ಮವರು ಫೋನಿನಲ್ಲಿ 'ಆಟಿಕೆ ಗನ್ ಅಲ್ವಾ ಸಾರ್' ಎಂದರು. ಹೌದು, ಆಟಿಕೆಯೇ. ಗುಂಡು ಹಾರುವುದಿಲ್ಲ, ಕುದುರೆ ಅಲುಗುವುದಿಲ್ಲ, ನಳಿಗೆಗೆ ತೂತಿಲ್ಲ, ತುದಿಗೆ ಕಿತ್ತಳೆ ಬಣ್ಣ ಬಳಿಯಬೇಕೆಂದು ನಾನೇ ಹೇಳಿದ್ದೆ. ಆದರೆ ಆಟಿಕೆಗೂ ಅಳತೆ ಅಂತ ಒಂದಿದೆ. ಆ ಸಿನಿಮಾದವರು ಬ್ಲಾಸ್ಟರನ್ನು ಗಾಳಿಯಲ್ಲಿ ಕಲ್ಪಿಸಿಕೊಂಡಿದ್ದಲ್ಲ. ಜರ್ಮನಿಯ ಮೌಸರ್ ಸಿ96 ಎಂಬ ಹಳೇ ಪಿಸ್ತೂಲು ತೆಗೆದುಕೊಂಡು, ಮೇಲೊಂದು ಬೇಟೆ ದುರ್ಬೀನು ಕೂರಿಸಿ, ಮೂತಿಗೆ ವಿಮಾನದ ಮಷೀನ್ ಗನ್ನಿನ ಫ್ಲ್ಯಾಶ್ ಹೈಡರ್ (ಕಿಡಿ ಮರೆಸುವ ಕೊಳವೆ) ಸಿಕ್ಕಿಸಿದರು. ಆ ಪಿಸ್ತೂಲು 1896ರಿಂದ ತಯಾರಾದದ್ದು. ಹಿಡಿ ಪೊರಕೆ ಕಟ್ಟಿಗೆಯ ಹಾಗೆ ದುಂಡಗಿರುವುದರಿಂದ ಅದಕ್ಕೆ 'ಬ್ರೂಮ್‌ಹ್ಯಾಂಡಲ್' ಎಂದೇ ಹೆಸರು. ನಿಜವಾದ ವಸ್ತುವಿನ ಮೇಲೆ ಕಟ್ಟಿದ್ದರಿಂದ ಅದರ ಪ್ರತಿ ಭಾಗಕ್ಕೂ ನಿಜವಾದ ಅಳತೆಯಿದೆ, ಬಲ್ಲವರು ನೋಡಿದ ಕೂಡಲೇ ಹೆಚ್ಚುಕಡಿಮೆ ಹೇಳಿಬಿಡುತ್ತಾರೆ. ಆ ಚಿತ್ರದಲ್ಲಿ ಬಳಸಿದ ಪ್ರಾಪ್ 2022ರ ಹರಾಜಿನಲ್ಲಿ 10 ಲಕ್ಷ ಡಾಲರ್ ದಾಟಿ ಹೋಯಿತು. ನನ್ನದಕ್ಕೆ ಅಂಥ ಬೆಲೆ ಬರಲಿ ಎಂದಲ್ಲ. ಅದರ ರೂಪವಾದರೂ ಸರಿಯಾಗಿರಲಿ ಎಂದು ಎರಡು ತಿಂಗಳು ರಾತ್ರಿ ಕೂತು ಡ್ರಾಯಿಂಗ್ ಮಾಡಿದ್ದೆ.

ಮೂತಿಯ ಫ್ಲ್ಯಾಶ್ ಹೈಡರ್, ದುರ್ಬೀನಿನ ಎರಡು ಬಳೆ, ಕೆಲವು ಗುಂಡಿ ಇವನ್ನು ಅಲ್ಯೂಮಿನಿಯಂನಲ್ಲಿ ನಾನೇ ತಿರುಗಿಸಿಕೊಂಡೆ. ಬಾಡಿ, ದುರ್ಬೀನಿನ ಕೊಳವೆ, ಟ್ರಿಗರ್ ಗಾರ್ಡ್ ಮತ್ತು ಹಿಡಿಯ ಎರಡು ಹಲಗೆಯನ್ನು ನಿಮ್ಮಲ್ಲಿ ಪ್ರಿಂಟ್ ಮಾಡಿಸಲು ಹಾಕಿದೆ. ಒಟ್ಟು 6,840 ರೂಪಾಯಿ. ಅದರಲ್ಲಿ 900 ರೂಪಾಯಿ ಪಿಎಲ್‌ಎ ಪ್ಲಾಸ್ಟಿಕ್ ಬದಲು ಹೆಚ್ಚು ಬಿಸಿ ತಾಳುವ ಪಿಇಟಿಜಿ ಪ್ಲಾಸ್ಟಿಕ್ ಬೇಕೆಂದು ಕೊಟ್ಟ ಹೆಚ್ಚುವರಿ ಹಣ. ಆರ್ಡರಿನ ಟಿಪ್ಪಣಿಯಲ್ಲಿ ಹೀಗೆ ಬರೆದಿದ್ದೆ: 'ಇದು ಕಲಬುರಗಿಗೆ ಬರುವ ಮಾಲು. ಇಲ್ಲಿ ಬಿಸಿಲು ಬಹಳ. ಪಿಎಲ್‌ಎ ಬೇಡ. ಪಾರ್ಸಲ್ ಮೇಲೆ ಪ್ಲಾಸ್ಟಿಕ್ ವೇಷದ ಬಿಡಿಭಾಗ ಎಂದೇ ಬರೆಯಿರಿ.'

ನೀವು ಡಬ್ಬದ ಮೇಲೆ ಬರೆದದ್ದು 'ಗನ್ ಬಾಡಿ, 1 ಸೆಟ್'.

ಏಪ್ರಿಲ್ 5ಕ್ಕೆ ಪಾರ್ಸಲ್ ಊರಿಗೆ ಬಂದಿತ್ತು. ಮನೆಗೆ ಬರಲಿಲ್ಲ. ಕೊರಿಯರ್ ಹುಡುಗ ಫೋನ್ ಮಾಡಿ, ದನಿ ಇಳಿಸಿ, "ಸಾಹೇಬ್ರೆ, ನಿಮ್ಮ ಡಬ್ಬ್ಯಾಗ ಏನ್ ಅದ್ರಿ? ಮ್ಯಾಲ ಗನ್ ಅಂತ ಬರ್ದಾರ. ನಮ್ಮ ಮ್ಯಾನೇಜರ್ ಮುಟ್ಟಬ್ಯಾಡ ಅಂದಾರ" ಎಂದ. ಅವನನ್ನು ಬೈಯುವಂತಿಲ್ಲ, ಅವನ ಜಾಗದಲ್ಲಿ ನಾನಿದ್ದರೂ ಮುಟ್ಟುತ್ತಿರಲಿಲ್ಲ. ಮೊಬೈಲಿನಲ್ಲಿ ಡ್ರಾಯಿಂಗ್ ತೋರಿಸಿ, ಆಧಾರ್ ಕೊಟ್ಟು, ಮಗಳ ಕಾಲೇಜಿನ ನೋಟಿಸ್ ಕೊಟ್ಟು ಬಿಡಿಸಿಕೊಳ್ಳುವಷ್ಟರಲ್ಲಿ ಏಪ್ರಿಲ್ 9 ಆಯಿತು. ನಾಲ್ಕು ದಿನ ಆ ಡಬ್ಬ ಕೊರಿಯರ್‌ನವರ ತಗಡಿನ ಶೆಡ್ಡಿನಲ್ಲಿ ಕೂತಿತ್ತು. ಕಲಬುರಗಿಯ ಏಪ್ರಿಲ್, ತಗಡಿನ ಶೆಡ್ಡು. ಹೊರಗೇ 40 ಡಿಗ್ರಿ ದಾಟುವುದು ಇಲ್ಲಿ ಯಾರಿಗೂ ಸುದ್ದಿಯಲ್ಲ. ಒಳಗೆ ಎಷ್ಟಿತ್ತೋ ನಾನು ಅಳೆದಿಲ್ಲ, ಆದರೆ ಡಬ್ಬ ಕೈಗೆ ತೆಗೆದುಕೊಂಡಾಗ ಬಿಸಿ ರೊಟ್ಟಿ ಹಿಡಿದ ಹಾಗಿತ್ತು.

ಅಲ್ಲಿಯೇ, ಅವರ ಕೌಂಟರಿನ ಮೇಲೆ, ಮ್ಯಾನೇಜರ್ ಎದುರೇ ಡಬ್ಬ ಒಡೆದೆ. ಪಿಸ್ತೂಲಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ಅವರೇ ವಿಡಿಯೊ ಮಾಡಿದರು. ಅದೇ ಈಗ ನನ್ನ ಸಾಕ್ಷಿ. ವಿಡಿಯೊದಲ್ಲಿ ಹುಡುಗನ ಮಾತು ಸ್ಪಷ್ಟವಾಗಿ ಕೇಳುತ್ತದೆ: "ಸಾಹೇಬ್ರೆ, ಇದು ಬಾಗ್ಯಾದಲ್ರಿ!" ಹಾಗಾಗಿ ನಾನು ಮನೆಗೊಯ್ದು ಬಿಸಿಲಲ್ಲಿಟ್ಟೆ ಎಂಬ ನಿಮ್ಮ ಎರಡನೇ ಸಾಲು ಅಲ್ಲಿಗೇ ಬಿತ್ತು.

ವರ್ಕ್‌ಶಾಪಿಗೆ ತಂದು ಬಾಡಿಯನ್ನು ಶಹಾಬಾದ್ ಪರಸಿಯ ಮೇಲೆ ಇಟ್ಟೆ. ಅದು ಪಾಲಿಶ್ ಹೊಡೆದ ಕಲ್ಲು, ನಾನು ಸಣ್ಣಪುಟ್ಟ ಸಮತಟ್ಟು ನೋಡುವುದು ಅದರ ಮೇಲೆಯೇ. ಎರಡು ತುದಿ ಕಲ್ಲಿಗೆ ತಾಗಿದ್ದವು, ನಡು ಎದ್ದು ನಿಂತಿತ್ತು. ಎರಡು ನಾಣ್ಯ ಒಂದರ ಮೇಲೊಂದಿಟ್ಟು ತಳ್ಳಿದರೆ ಅಡ್ಡಿಯಿಲ್ಲದೆ ಆ ಕಡೆ ಹೊರಬಂದವು. ದುರ್ಬೀನಿನ ಕೊಳವೆ ಬಾಳೆಕಾಯಿಯ ಹಾಗೆ ಒಂದು ಬದಿಗೆ ತಿರುಗಿತ್ತು. ನಮ್ಮೂರ ಕೋಟೆಯ ಮೇಲೆ ಬಾರಾಗಜಿ ತೋಪು ಎಷ್ಟೋ ಶತಮಾನದಿಂದ ಇದೇ ಬಿಸಿಲಿನಲ್ಲಿ ಬಿದ್ದಿದೆ, ಅದು ಬಾಗಿಲ್ಲ. ಲೋಹಕ್ಕೂ ಪ್ಲಾಸ್ಟಿಕ್ಕಿಗೂ ಹೋಲಿಕೆ ಬೇಡ ಎನ್ನುತ್ತೀರಿ. ಸರಿ, ಹಾಗಾದರೆ ಪ್ಲಾಸ್ಟಿಕ್ಕಿಗೂ ಪ್ಲಾಸ್ಟಿಕ್ಕಿಗೂ ಹೋಲಿಸುತ್ತೇನೆ.

ಪಿಎಲ್‌ಎ ಸುಮಾರು 60 ಡಿಗ್ರಿಗೆ ಮೆತ್ತಗಾಗುತ್ತದೆ, ಪಿಇಟಿಜಿ ಸುಮಾರು 80ಕ್ಕೆ. ಇದು ನಿಮ್ಮ ಜಾಲತಾಣದಲ್ಲೇ ಇದೆ, ಅದನ್ನು ಓದಿಯೇ ನಾನು 900 ಕೊಟ್ಟದ್ದು. ಜನವರಿಯಲ್ಲಿ ನೀವೇ ಪಿಇಟಿಜಿಯಲ್ಲಿ ಮಾಡಿಕೊಟ್ಟ ಲೇಥ್ ಹ್ಯಾಂಡಲ್‌ನ ಗುಂಡಿ ನನ್ನ ಬಳಿ ಇದೆ (ಅದು ಚೆನ್ನಾಗಿತ್ತು, ಅದನ್ನು ನಂಬಿಯೇ ಮತ್ತೆ ನಿಮ್ಮ ಬಾಗಿಲಿಗೆ ಬಂದೆ). ಚಹಾ ಪಾತ್ರೆಯಲ್ಲಿ ನೀರು ಕಾಯಿಸಿ, ಥರ್ಮಾಮೀಟರ್ 70 ತೋರಿಸಿದಾಗ ಇಳಿಸಿ, ಆ ಗುಂಡಿಯನ್ನೂ ನಿಮ್ಮ ಹೊಸ ಟ್ರಿಗರ್ ಗಾರ್ಡನ್ನೂ ಒಟ್ಟಿಗೆ ಹಾಕಿದೆ. ಎರಡು ನಿಮಿಷ ಬಿಟ್ಟು ತೆಗೆದೆ. ಗುಂಡಿ ಹೇಗಿತ್ತೋ ಹಾಗೇ ಇತ್ತು. ಟ್ರಿಗರ್ ಗಾರ್ಡ್ ಹಸಿ ಹುಣಸೆಕಾಯಿಯಂತೆ ಬೆರಳಿಗೆ ಸುತ್ತಿಕೊಂಡಿತು. ಈ ಪ್ರಯೋಗವನ್ನು ಎಸ್‌ಎಸ್‌ಎಲ್‌ಸಿ ಮಕ್ಕಳೂ ಮಾಡಬಲ್ಲರು. ಪಿಇಟಿಜಿಯ ದುಡ್ಡು ತೆಗೆದುಕೊಂಡು ಪಿಎಲ್‌ಎ ಕೊಟ್ಟಿದ್ದೀರಿ, ಅದು ಬಾಗಿದಾಗ ಬಿಸಿಲನ್ನು ತೋರಿಸಿದ್ದೀರಿ. ಕಲಬುರಗಿಗೆ ಬಿಸಿಲು ಈ ವರ್ಷ ಹೊಸದಾಗಿ ಬಂದಿದ್ದಲ್ಲ. ನಮ್ಮ ಪಿನ್‌ಕೋಡಿಗೆ ಸಾಗಾಟದ ದುಡ್ಡು ತೆಗೆದುಕೊಳ್ಳುವಾಗ ಈ ಊರು ನಿಮಗೆ ಗೊತ್ತಿತ್ತು.

ಇನ್ನು ಅಳತೆ. ನಿಜ ಹೇಳಬೇಕೆಂದರೆ ನನಗೆ ಹೆಚ್ಚು ಸಿಟ್ಟು ಬಂದದ್ದು ಬಾಗಿದ್ದಕ್ಕಲ್ಲ, ಇದಕ್ಕೆ. ಬಾಗಿದ್ದನ್ನು ಬಿಸಿಗಾಳಿ ಊದುವ ಹೀಟ್ ಗನ್ ಹಿಡಿದು ಹೇಗೋ ನೆಟ್ಟಗೆ ಮಾಡಬಹುದಿತ್ತು.

ನನ್ನ ಫ್ಲ್ಯಾಶ್ ಹೈಡರಿನ ಹಿಂಬದಿ 18 ಮಿ.ಮೀ ದಪ್ಪ. ಬಾಡಿಯ ರಂಧ್ರದಲ್ಲಿ ಕೂರಬೇಕು. ಕೂರಲಿಲ್ಲ. ಪ್ರಿಂಟ್‌ನಲ್ಲಿ ತೂತು ಸ್ವಲ್ಪ ಬಿಗಿಯಾಗುವುದು ಗೊತ್ತಿರುವ ಮಾತೇ, ಅದಕ್ಕೆ ಡ್ರಾಯಿಂಗ್‌ನಲ್ಲಿ ಜಾಗ ಬಿಟ್ಟು 18.3 ಕೊಟ್ಟಿದ್ದೆ. ವರ್ನಿಯರ್ ಹಾಕಿದರೆ ರಂಧ್ರ 17.3. ಹಿಡಿಯ ದಪ್ಪ 30 ಇರಬೇಕು, 28.4 ಇದೆ. ದುರ್ಬೀನು ಕೂರಿಸುವ ಎರಡು ತೂತಿನ ನಡುವೆ 60 ಇರಬೇಕು, 56.9 ಇದೆ. ಒಂದು ಕಡೆ ತಪ್ಪಿದರೆ ಮಷೀನ್ ತಪ್ಪಿತು ಎನ್ನಬಹುದು. ಎಲ್ಲ ಕಡೆ ಒಂದೇ ಪ್ರಮಾಣದಲ್ಲಿ ತಪ್ಪಿದರೆ ಅದು ಮನುಷ್ಯನ ಕೈ. ಮೂರನ್ನೂ ಭಾಗಿಸಿ ನೋಡಿದೆ: ಮೂರರಲ್ಲೂ ಮೂಲದ ಶೇ 95ರ ಆಸುಪಾಸು. ಆಮೇಲೆ ಬಾಡಿಯ ಬಾಗಿದ ಅಂಚಿನ ಗುಂಟ ಟೇಪ್ ಹಿಡಿದೆ. ಡ್ರಾಯಿಂಗ್‌ನಲ್ಲಿ ಉದ್ದ 232 ಮಿ.ಮೀ, ಕೈಯಲ್ಲಿದ್ದದ್ದು ಸರಿಯಾಗಿ 220.

220 ಎಂದರೆ ಏನೆಂದು ನಿಮಗೆ ನಾನು ಹೇಳಬೇಕಿಲ್ಲ. ಅಗ್ಗದ ಎಷ್ಟೋ ಪ್ರಿಂಟರ್‌ಗಳಲ್ಲಿ ಮಾಲು ಅಚ್ಚಾಗುವ ತಟ್ಟೆ 220ಕ್ಕೆ 220. ನನ್ನ ಭಾಗ ತಟ್ಟೆಗಿಂತ 12 ಮಿ.ಮೀ ಉದ್ದವಿತ್ತು. ಪ್ರಿಂಟರ್ ಮುಂದೆ ಕೂತ ನಿಮ್ಮವರು 'ತಟ್ಟೆಗೆ ಹೊಂದಿಸು' ಗುಂಡಿ ಒತ್ತಿ ಮನೆಗೆ ಹೋದರು. ಓರೆಯಾಗಿ ಇಟ್ಟಿದ್ದರೆ ಸಾಕಿತ್ತು: 220ರ ಚೌಕದ ಕರ್ಣ 311 ಮಿ.ಮೀ ಆಗುತ್ತದೆ, ನನ್ನ 232 ಅದರಲ್ಲಿ ಕಾಲು ಚಾಚಿ ಮಲಗುತ್ತಿತ್ತು. ಇಲ್ಲವೇ ಒಂದು ಫೋನ್ ಮಾಡಿ ಎರಡು ತುಂಡು ಮಾಡಲೇ ಎಂದು ಕೇಳಿದ್ದರೆ ನಾನೇ ಕತ್ತರಿಸಿಕೊಡುತ್ತಿದ್ದೆ. ಬಾಡಿಯ ಜೊತೆ ಹಿಡಿ, ಕೊಳವೆ ಎಲ್ಲವನ್ನೂ ಒಟ್ಟಿಗೆ ಕುಗ್ಗಿಸಿದ್ದರಿಂದ ಅವು ಒಂದಕ್ಕೊಂದು ಚೆನ್ನಾಗಿಯೇ ಕೂರುತ್ತವೆ. ಕೂರದೇ ಇರುವುದು ನಾನು ತಿರುಗಿಸಿದ ಲೋಹ ಮಾತ್ರ, ಏಕೆಂದರೆ ಅದೊಂದೇ ಸರಿಯಾದ ಅಳತೆಯಲ್ಲಿರುವುದು.

ನಿಮ್ಮ ತಾಂತ್ರಿಕ ವಿಭಾಗದವರು, ನಾನು ಕಳಿಸಿದ ತ್ರೀಡಿ ಡ್ರಾಯಿಂಗ್ ಫೈಲಿನ ಬಗ್ಗೆ, ಫೋನಿನಲ್ಲಿ 'ಎಸ್‌ಟಿಎಲ್ ಫೈಲ್‌ನಲ್ಲಿ ಯೂನಿಟ್ ಇರಲ್ಲ ಸಾರ್, ನಿಮ್ಮ ಕಡೆಯೇ ತಪ್ಪಿರಬಹುದು' ಎಂದರು. ಯೂನಿಟ್ ಇರುವುದಿಲ್ಲ, ನಿಜ. ಆದರೆ ಇಂಚು ಮಿಲಿಮೀಟರ್ ಅದಲುಬದಲಾದರೆ ವಸ್ತು 25.4 ಪಟ್ಟು ಹಿಗ್ಗಬೇಕು ಇಲ್ಲವೇ ಅಷ್ಟೇ ಪಟ್ಟು ಕುಗ್ಗಬೇಕು. ನೂರಕ್ಕೆ ಐದು ಕುಗ್ಗುವ ಯೂನಿಟ್ ಯಾವ ದೇಶದಲ್ಲಿದೆಯೋ ನನಗೆ ತಿಳಿಯದು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ಡೊಂಕಾದದ್ದು ನೀವು ಕಳಿಸಿದ ಮಾಲು.

ಶೇ 5ರ ವ್ಯತ್ಯಾಸ ಸಹಜ ಎಂಬ ಮಾತೂ ಇದೆಯಲ್ಲ. ನಿಮ್ಮ ಆರ್ಡರ್ ಪುಟದಲ್ಲಿ ಇರುವುದು 0.3 ಮಿ.ಮೀ ಹೆಚ್ಚುಕಡಿಮೆ. ಶೇ 5 ಎಂಬುದು ದೂರು ಬಂದ ಮೇಲೆ ಹುಟ್ಟಿದ್ದು. ಒಪ್ಪಿದೆ ಎಂದೇ ಇಟ್ಟುಕೊಳ್ಳಿ. 232ರ ಶೇ 5 ಎಂದರೆ 11.6. ನೀವು ಕಡಿಮೆ ಮಾಡಿದ್ದು 12. ಆಮೇಲೆ ಹುಟ್ಟಿಸಿದ ನಿಯಮವನ್ನೂ ನೀವೇ ದಾಟಿದ್ದೀರಿ.

ಹೋಲ್‌ಸ್ಟರನ್ನು ನಮ್ಮ ಓಣಿಯ ಚರ್ಮದ ಕೆಲಸದವರೊಬ್ಬರು ನನ್ನ ಡ್ರಾಯಿಂಗ್ ನೋಡಿ, ರಟ್ಟಿನಲ್ಲಿ ಮಾದರಿ ಕತ್ತರಿಸಿ ಹೊಲಿದಿದ್ದರು. 1,200 ರೂಪಾಯಿ. ನಿಮ್ಮ ಬಾಡಿಯನ್ನು ಅದರಲ್ಲಿ ಇಳಿಬಿಟ್ಟರೆ ಹಿಡಿಯವರೆಗೆ ಮುಳುಗಿತು. ಅವರು ನೋಡಿ, "ಅಪ್ಪನ ಅಂಗಿ ಮಗಗ ಹಾಕ್ದಂಗ ಆಗ್ಯದ" ಎಂದು ನಕ್ಕರು. ಆ ಹಣ ನಾನು ನಿಮ್ಮಲ್ಲಿ ಕೇಳುವುದಿಲ್ಲ, ಅವರು ಅಳತೆ ಸರಿಯಾಗಿ ಹೊಲಿದಿದ್ದಾರೆ.

ಸ್ಪರ್ಧೆ ಏಪ್ರಿಲ್ 19ಕ್ಕೆ ಮುಗಿಯಿತು. ಪಕ್ಕದ ಬಡಿಗೇರರ ಹತ್ತಿರ ಎರಡು ರಾತ್ರಿ ಕೂತು ಸಾಗವಾನಿ ತುಂಡಿನಲ್ಲಿ ಬಾಡಿ ಕೆತ್ತಿಸಿದೆವು. ಕಟ್ಟಿಗೆಯಲ್ಲಿ ಗೆರೆಗಳು ಅಷ್ಟು ಚೂಪಾಗಿ ಬರಲಿಲ್ಲ, ಆದರೆ ಫ್ಲ್ಯಾಶ್ ಹೈಡರ್ ಒಂದೇ ಏಟಿಗೆ ಕೂತಿತು. ಮಗಳಿಗೆ ಎರಡನೇ ಬಹುಮಾನ. ಆದ್ದರಿಂದ ಮತ್ತೆ ಪ್ರಿಂಟ್ ಮಾಡಿಕೊಡುತ್ತೇವೆ, ಕೂಪನ್ ಕೊಡುತ್ತೇವೆ ಎಂಬ ಮಾತು ಬೇಡ.

ನನಗೆ ಬೇಕಾದದ್ದು 6,840 ರೂಪಾಯಿ, ಮತ್ತು ಈ ಸೆಟ್ಟನ್ನು ನಿಮ್ಮ ಖರ್ಚಿನಲ್ಲಿ ವಾಪಸ್ ಒಯ್ಯುವುದು. ಕಸ್ಟಮ್ ಆರ್ಡರ್‌ಗೆ ರಿಟರ್ನ್ ಇಲ್ಲ ಎನ್ನುವುದು ನಾನು ಹೇಳಿದ್ದನ್ನೇ ಮಾಡಿಕೊಟ್ಟಿದ್ದರೆ ಸರಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ, ವಿವರಿಸಿದಂತೆ ಇಲ್ಲದ ಸರಕನ್ನು ಮಾರಿದವರು ವಾಪಸ್ ತೆಗೆದುಕೊಳ್ಳಲು ನಿರಾಕರಿಸುವಂತಿಲ್ಲ. ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು ಎಂದೂ ಅಲ್ಲಿದೆ. ನಾನು ಮೊದಲು ಬರೆದದ್ದು ಏಪ್ರಿಲ್ 10ಕ್ಕೆ, ನೀವು ಬಾಯಿ ಬಿಟ್ಟದ್ದು 16ಕ್ಕೆ. ಆ ಒಂದು ತಿಂಗಳು ಮೇ 10ಕ್ಕೆ ಮುಗಿಯುತ್ತದೆ. ಅಷ್ಟರಲ್ಲಿ ಹಣ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸುತ್ತೇನೆ, ನಂತರ ಕಲಬುರಗಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಗ್ರಾಹಕ ತಾನು ವಾಸವಿರುವ ಊರಿನಲ್ಲೇ ದೂರು ಹೂಡಬಹುದು, 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ನಾನು ಬೆಂಗಳೂರಿಗೆ ಬರಬೇಕಿಲ್ಲ, ನೀವು ಇಲ್ಲಿಗೆ ಬರಬೇಕಾಗುತ್ತದೆ. ಮೇ ತಿಂಗಳಲ್ಲಿ.

ಬಿಲ್, ಆರ್ಡರ್ ಟಿಪ್ಪಣಿಯ ಪ್ರತಿ, ಡಬ್ಬದ ಮೇಲಿನ ಚೀಟಿಯ ಫೋಟೊ, ವರ್ನಿಯರ್ ಹಿಡಿದ ಫೋಟೊಗಳು ಮತ್ತು ಕೊರಿಯರ್ ಕೌಂಟರಿನ ವಿಡಿಯೊ ಇರುವ ಪೆನ್‌ಡ್ರೈವ್ ಲಗತ್ತಿಸಿದ್ದೇನೆ. ಬಾಡಿಯನ್ನು ಮುಟ್ಟದೆ, ಬಂದ ಸ್ಥಿತಿಯಲ್ಲೇ ಇಟ್ಟಿದ್ದೇನೆ. ಬಿಸಿ ನೀರಿಗೆ ಹಾಕಿದ್ದು ಟ್ರಿಗರ್ ಗಾರ್ಡ್ ಒಂದನ್ನೇ.

ಇಂತಿ,
ಲೇಥ್ ವರ್ಕ್‌ಶಾಪ್ ಮಾಲೀಕ,
ಕಪನೂರ ಇಂಡಸ್ಟ್ರಿಯಲ್ ಏರಿಯಾ, ಕಲಬುರಗಿ

ವಿ.ಸೂ.: ಮಾಲು ಒಯ್ಯಲು ಬರುವವರು ಸಂಜೆ 6ರ ಮೇಲೆ ಬರಲಿ. ಮಧ್ಯಾಹ್ನ ಬಂದು ವ್ಯಾನಿನಲ್ಲಿ ಹಾಕಿಕೊಂಡು ಹೋದರೆ ದಾರಿಯಲ್ಲಿ ಇನ್ನಷ್ಟು ಬಾಗುತ್ತದೆ, ಆಗ ಅದಕ್ಕೂ ನನ್ನನ್ನೇ ಹೊಣೆ ಮಾಡುತ್ತೀರಿ. ಮತ್ತೆ ಡಬ್ಬದ ಮೇಲೆ ಈ ಸಲ ನಾನೇ ದಪ್ಪ ಅಕ್ಷರದಲ್ಲಿ ಬರೆದಿಟ್ಟಿದ್ದೇನೆ: 'ಪ್ಲಾಸ್ಟಿಕ್. ಬಾಗಿದ್ದು.'