ಇನ್ನೊಂದು ಹೆಜ್ಜೆ ಹಿಂದೆ

ಹಾಸನ
ಸೋಮವಾರ, ಬೆಳಗಿನ ಜಾವ

ಪ್ರೀತಿಯ ಪುಟ್ಟಿ,

ನಿನ್ನ ಕಾಗದ ಶುಕ್ರವಾರ ಬಂತು. ನಾಲ್ಕು ಪುಟ. ಅಂಗಡಿ ಅನ್ನುವ ಊರಿನ ಬಸದಿ, ಮಂಜರಾಬಾದ್ ಕೋಟೆ, ರಸ್ತೆ ಅಗಲ ಮಾಡುವಾಗ ಕಿತ್ತು ಚರಂಡಿಗೆ ಉರುಳಿಸಿದ ಮೈಲಿಗಲ್ಲು, ಎಲ್ಲ ಓದಿದೆ. ಮೂರನೇ ಪುಟದ ಕೊನೆಗೆ ಒಂದು ಸಾಲು ಬರೆದಿದ್ದೀಯ. "ಮೂಡಿಗೆರೆ ಕಡೆ ಕಾಫಿ ತೋಟದ ಲೆಕ್ಕ ಬರೆಯೋ ರೈಟರ್ ಇದ್ದ ಒಂದು ಪಾಳು ಮನೆ ಸಿಕ್ತು ಅತ್ತೆ, ಅಟ್ಟ ಹತ್ತಿದ್ದೆ, ಹಲಗೆ ಮುರಿದು ಒಂದು ಕಾಲು ಮೊಳಕಾಲ ತನಕ ಕೆಳಗೆ ಹೋಯ್ತು, ಮೊಳೆ ಗೀರಿತು, ಆದರೆ ಫೋಟೋ ಮಾತ್ರ ಸೂಪರ್." ಅಷ್ಟೇ. ಮುಂದಿನ ಸಾಲಿಗೇ ಕೊಟ್ಟಿಗೆಹಾರದ ನೀರುದೋಸೆಗೆ ಹೋಗಿಬಿಟ್ಟೆ.

ನಾನು ಆ ಸಾಲು ಬಿಟ್ಟು ಮುಂದಕ್ಕೆ ಹೋಗಲಾರದೆ ಮೂರು ದಿನ ಆಯಿತು. ಕಾಲು ಹೋದ ಜಾಗದಲ್ಲಿ ಇಡೀ ಮೈ ಹೋಗಿದ್ದರೆ? ಭಾನುವಾರ ತೋಟದಲ್ಲಿ ಆಳುಗಳೂ ಇರುವುದಿಲ್ಲ. ಕೂಗಿದರೆ ಯಾರು ಬರುತ್ತಿದ್ದರು? ಜೊತೆಗೆ ಯಾರಿದ್ದರು ಅಂತಲೂ ನೀನು ಬರೆದಿಲ್ಲ.

ಬೈಯಲು ಕೂತಿಲ್ಲ ಕಣೇ. ನಿಮ್ಮಪ್ಪನಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ಹಳೆ ಮನೆ, ಹಳೆ ಕಲ್ಲುಗಳ ಪಟ ತೆಗೆಯುವ ಈ ಹುಚ್ಚು ನಿನಗೆ ಹತ್ತಿಸಿದವಳೇ ನಾನು. ನನ್ನ ಟ್ರಂಕಿನಲ್ಲಿದ್ದ ಆ ಬಾಗಿಲಿನ ಪಟ ಹಿಡಿದುಕೊಂಡು "ಇದು ಯಾರ ಮನೆ ಅತ್ತೆ" ಅಂತ ಕೇಳಿದೆಯಲ್ಲ, ಆಗ ನಿನಗೆ ಏಳು ವರ್ಷ. ಹೇಮಾವತಿ ನೀರಿನಲ್ಲಿ ಮುಳುಗಿದ ನಮ್ಮ ಮನೆ ಅಂದೆ. ಅರ್ಧ ಹೇಳಿದೆ, ಅರ್ಧ ನುಂಗಿಕೊಂಡೆ.

ನೀನು ಬರೆದಿದ್ದು ನಿಜ, ಇವತ್ತು ಪಟ ತೆಗೆಯದಿದ್ದರೆ ಮಳೆಗಾಲ ಕಳೆಯುವ ಹೊತ್ತಿಗೆ ಆ ಮನೆ ಇರುವುದಿಲ್ಲ. ಆ ಆತುರ ನನಗೆ ಅರ್ಥವಾಗುತ್ತದೆ. ನಮ್ಮ ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನದ ಕಲ್ಲನ್ನೇ ನೋಡು. ಎಷ್ಟು ಜನ ಅದರ ಪಕ್ಕದಲ್ಲೇ ಓಡಾಡಿರಬೇಕು. 1936ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಅವರು ಅದನ್ನು ಬೆಳಕಿಗೆ ತಂದ ಮೇಲೆ ಅಲ್ಲವಾ ಸುಮಾರು ಕ್ರಿ.ಶ. 450ರ ಕನ್ನಡ ಅದು ಅಂತ ಊರಿಗೆಲ್ಲ ಗೊತ್ತಾಗಿದ್ದು. ಮೈಸೂರು ಸೀಮೆಯ ಶಾಸನಗಳನ್ನು ಕಲೆಹಾಕಿದ ಬಿ.ಎಲ್. ರೈಸ್ ಸಾಹೇಬರು 1901, 1902ರಲ್ಲಿ ಕಡೂರು ಜಿಲ್ಲೆ, ಹಾಸನ ಜಿಲ್ಲೆಯ ಶಾಸನಗಳ ಸಂಪುಟ ಅಚ್ಚು ಹಾಕಿಸಿದರು. ಕಡೂರು ಜಿಲ್ಲೆ ಅಂದರೆ ಈಗಿನ ಚಿಕ್ಕಮಗಳೂರು. ಅದರಲ್ಲಿರುವ ಕಲ್ಲುಗಳು ಎಲ್ಲ ಈಗಲೂ ನಿಂತಲ್ಲೇ ನಿಂತಿವೆಯಾ? ಕೆಲವು ಬಟ್ಟೆ ಒಗೆಯುವ ಬಂಡೆಯಾಗಿವೆ, ಕೆಲವು ಮೋರಿಗೆ ಹೋಗಿವೆ. ಆದ್ದರಿಂದ ನಿನ್ನ ಕೆಲಸ ಸಣ್ಣದು ಅಂತ ನಾನು ಹೇಳಲಾರೆ. ಬೇಲೂರು ಹಳೇಬೀಡಿಗೆ 2023ರಲ್ಲಿ ಯುನೆಸ್ಕೋ ಪಟ್ಟ ಸಿಕ್ಕಿತು, ನೋಡಿಕೊಳ್ಳುವವರಿದ್ದಾರೆ. ರೈಟರ್ ಮನೆಗೆ ನೀನು ಬಿಟ್ಟರೆ ಯಾರಿದ್ದಾರೆ, ಅಲ್ವಾ?

ಆದರೂ ಆ ಹಲಗೆ.

ಹಳೆ ಮನೆ ಹೇಗೆ ಬೀಳುತ್ತದೆ ಅಂತ ನಾನು ಕಣ್ಣಾರೆ ಕಂಡಿದ್ದೇನೆ. ಮೊದಲು ನಾಲ್ಕು ಹೆಂಚು ಜಾರುತ್ತವೆ. ಯಾರೂ ಸರಿ ಮಾಡುವುದಿಲ್ಲ. ನೀರು ರೀಪಿಗೆ ಇಳಿಯುತ್ತದೆ, ಜಂತೆಗೆ ಇಳಿಯುತ್ತದೆ, ಗೆದ್ದಲು ಹತ್ತುತ್ತದೆ. ಗೆದ್ದಲು ತಿಂದ ಹಲಗೆ ಮೇಲಿಂದ ನೋಡಿದರೆ ಗಟ್ಟಿಯಾಗೇ ಕಾಣುತ್ತದೆ ಪುಟ್ಟಿ, ಒಳಗೆ ಬರೀ ಮಣ್ಣು. ಆಮೇಲೆ ಗೋಡೆಯ ತಲೆ ನೆನೆಯುತ್ತದೆ. ಮಣ್ಣಿನ ಗೋಡೆ ಸೂರು ಇರುವ ತನಕ ನೂರು ವರ್ಷ ನಿಲ್ಲುತ್ತದೆ, ಸೂರು ಹೋದರೆ ಒಂದು ಮಳೆಗಾಲಕ್ಕೆ ಹೊಟ್ಟೆ ಬಿಡುತ್ತದೆ. ಎಷ್ಟೋ ಸಲ ಅದು ಮಳೆ ಸುರಿಯುವಾಗ ಬೀಳುವುದಿಲ್ಲ. ಮಳೆ ನಿಂತು ಬಿಸಿಲು ಬಂದಾಗ ಬೀಳುತ್ತದೆ. ಅದೇ ಹೊತ್ತಿಗಲ್ವಾ ನೀವೆಲ್ಲ ಬೆಳಕು ಚೆನ್ನಾಗಿದೆ ಅಂತ ಕ್ಯಾಮೆರಾ ಹಿಡಿದು ಹೊರಡುವುದು?

ಅವತ್ತೂ ಬೆಳಕು ಚೆನ್ನಾಗಿತ್ತು.

ಊರು ಬಿಟ್ಟ ಕತೆ ನಿನಗೆ ಗೊತ್ತು. ನಿನ್ನ ದೊಡ್ಡಪ್ಪನ ಕಾಲಿನ ಕತೆಯೂ ಗೊತ್ತು, ಮನೆ ಬಿಚ್ಚುವಾಗ ಗೋಡೆ ಬಿತ್ತು ಅಂತ. ಅವನು ಆ ಗೋಡೆಗೆ ಬೆನ್ನು ಕೊಟ್ಟು ಯಾಕೆ ನಿಂತಿದ್ದ ಅನ್ನುವುದನ್ನು ಮಾತ್ರ ಯಾರೂ ಹೇಳಿರುವುದಿಲ್ಲ. ನಮ್ಮಿಬ್ಬರಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ.

ಹೇಮಾವತಿಗೆ ಕಟ್ಟುತ್ತಿದ್ದ ಗೊರೂರಿನ ಅಣೆಕಟ್ಟು ಮುಗಿಯುತ್ತಾ ಬಂದಿತ್ತು. ನನಗೆ 17. ಎಲ್ಲರ ಹಾಗೆ ನಾವೂ ಹೆಂಚು ಇಳಿಸಿದೆವು, ತೊಲೆ ಇಳಿಸಿದೆವು, ಗಾಡಿಗೆ ಹೇರಿದೆವು. ಆಮೇಲೆ ಮೂರು ದಿನ ಮಳೆ ಹಿಡಿಯಿತು. ನಡುಮನೆಯ ಬಾಗಿಲವಾಡ ಒಂದೇ ಉಳಿದಿತ್ತು, ಕೊನೆಗೆ ಕೀಳೋಣ ಅಂತ ಅಪ್ಪ ಬಿಟ್ಟಿದ್ದರು. ಮೇಲಿನ ಪಟ್ಟಿಯಲ್ಲಿ ಗಜಲಕ್ಷ್ಮಿ, ಎರಡು ಕಡೆ ಆನೆ. ಪಕ್ಕದ ದೀಪದ ಗೂಡಿನಿಂದ ಎದ್ದ ಎಣ್ಣೆ ಮಸಿಗೆ ಎಡಗಡೆ ಆನೆ ಕಪ್ಪಗಾಗಿತ್ತು, ಬಲಗಡೆಯದು ಇನ್ನೂ ಮರದ ಬಣ್ಣದಲ್ಲೇ ಇತ್ತು. ಹೊಸ್ತಿಲಿನ ಅರಿಸಿನ ಮಳೆಗೆ ನೆನೆದು ಅಂಗಳಕ್ಕೆ ಹಳದಿ ಗೆರೆ ಇಳಿದಿತ್ತು.

ಅಣ್ಣ ಯಾರಿಂದಲೋ ಒಂದು ಅಗ್ಫಾ ಕ್ಲಿಕ್ ಕ್ಯಾಮೆರಾ ಎರವಲು ತಂದಿದ್ದ. ರೋಲಿಗೆ 12 ಪಟ. ಹನ್ನೊಂದನ್ನು ಊರಲ್ಲೆಲ್ಲ ತೆಗೆದು ಮುಗಿಸಿದ್ದ. ಉಳಿದ ಒಂದರಲ್ಲಿ ಬಾಗಿಲು ಹಿಡಿ ಅಂತ ಹಟ ಮಾಡಿದವಳು ನಾನು. ಕಿತ್ತ ಮೇಲೆ ಅದು ಬರೀ ಮರ, ನಿಂತಿರುವಾಗಲೇ ಬೇಕು ಅಂದೆ. ಅವನು ಒಳಗೆ ಹೋದ. ಆ ಕ್ಯಾಮೆರಾದಲ್ಲಿ ಹತ್ತಿರದಿಂದ ತೆಗೆದರೆ ಮಸುಕು. "ಒಂದೇ ಆನೆ ಬರುತ್ತೆ ಕಣೇ" ಅಂದ. "ಇನ್ನೊಂದು ಹೆಜ್ಜೆ ಹಿಂದೆ ಹೋಗು ಅಣ್ಣ, ಎರಡೂ ಬರಲಿ" ಅಂದೆ. ಹೋದ. ಕ್ಲಿಕ್ ಅಂದಿತು. ಆಮೇಲೆ ಅವನ ಹಿಂದಿನ ಗೋಡೆ ಕೂತುಕೊಂಡಿತು. ದೊಡ್ಡ ಸದ್ದೇನೂ ಇಲ್ಲ. ಭತ್ತದ ಮೂಟೆ ಇಳಿಸಿದ ಹಾಗೆ ಒಂದು ಧೊಪ್, ಅಷ್ಟೇ.

ಸ್ಟುಡಿಯೋದಿಂದ ಪಟ ಬಂದಾಗ ಅವನು ಇನ್ನೂ ಆಸ್ಪತ್ರೆಯಲ್ಲಿದ್ದ. ಎರಡು ಆನೆಯೂ ಸ್ಪಷ್ಟವಾಗಿ ಬಂದಿತ್ತು. ನಾನು ಅದನ್ನು ಅವನಿಗೆ ತೋರಿಸಲಿಲ್ಲ. ಇವತ್ತಿಗೂ ತೋರಿಸಿಲ್ಲ. ಅವನೂ ಕೇಳಲಿಲ್ಲ. ಒಂದು ಸಲವಾದರೂ "ನಿನ್ನಿಂದ ಆಯಿತು" ಅಂದಿದ್ದರೆ ನನಗೆ ಹಗುರವಾಗುತ್ತಿತ್ತೋ ಏನೋ. ಈಗ ಅವನು ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೊಳ್ಳುತ್ತಾನಲ್ಲ, ನಾನು ಅಡುಗೆಮನೆಗೆ ಹೋಗಿಬಿಡುತ್ತೇನೆ.

ನಿನ್ನ ಸಾಲು ಓದಿದಾಗ ನನಗೆ ಕೇಳಿಸಿದ್ದು ಆ ಧೊಪ್.

ಬುದ್ಧಿ ಹೇಳುವ ಯೋಗ್ಯತೆ ನನಗೆ ಎಲ್ಲಿದೆ, ಆದರೂ ಒಂದೆರಡು ಮಾತು ಬರೆಯುತ್ತೇನೆ. ಬೇಡ ಅನ್ನಿಸಿದರೆ ಬಿಡು. ಅಟ್ಟಕ್ಕೆ ಮಾತ್ರ ಹತ್ತಬೇಡ. ಎಂಥ ಬೆಳಕೇ ಇರಲಿ, ಹತ್ತಬೇಡ. ಹೊಟ್ಟೆ ಬಿಟ್ಟ ಗೋಡೆ ಕಂಡರೆ ಹೊರಗಿನಿಂದಲೇ ತೆಗಿ. ಮೊದಲು ಅಕ್ಕಪಕ್ಕದ, ತೋಟದ ಆಳುಗಳಿರುವ ಲೈನ್ ಮನೆಯಲ್ಲಿ ಯಾರನ್ನಾದರೂ ಮಾತಾಡಿಸು, ಯಾವ ಕಡೆ ಬಿದ್ದಿದೆ, ಎಲ್ಲಿ ಹೆಜ್ಜೇನು ಕಟ್ಟಿದೆ ಅಂತ ಅವರಿಗೆ ಗೊತ್ತಿರುತ್ತದೆ. ನೀನು ಒಳಗಿರುವುದು ಒಬ್ಬರಿಗಾದರೂ ಗೊತ್ತಿರುತ್ತದೆ. ಕಾಡಾನೆ ವಿಷಯ ನಿಮ್ಮಪ್ಪ ಹೇಳಿಯೇ ಇರುತ್ತಾನೆ.

ರಸ್ತೆ ಬದಿಯ ವೀರಗಲ್ಲು ಜಾಸ್ತಿ ತೆಗಿ ಅಂತ ನನ್ನ ಆಸೆ. ಅವು ಬಯಲಲ್ಲಿ ನಿಂತಿರುತ್ತವೆ, ಮೇಲಿಂದ ಬೀಳುವುದು ಏನೂ ಇಲ್ಲ. ಬೆಳಗ್ಗೆ ಎಂಟರೊಳಗೆ, ಇಲ್ಲ ಸಂಜೆ, ಬಿಸಿಲು ಓರೆಯಾಗಿ ಬೀಳುವಾಗ ಹೋಗು. ಮಧ್ಯಾಹ್ನ ಚಪ್ಪಟೆ ಕಾಣುವ ಕಲ್ಲಿನಲ್ಲಿ ಆಗ ಕೆಳಗಿನ ಕಾಳಗ, ನಡುವೆ ಸತ್ತ ವೀರನನ್ನು ಹೊತ್ತೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಅವನು ಕೂತಿರುವುದು, ಎಲ್ಲ ಎದ್ದು ಬರುತ್ತವೆ. ಅಕ್ಷರ ಕಾಣಲಿ ಅಂತ ಸುಣ್ಣ, ಸೀಮೆಸುಣ್ಣ ಬಳಿಯಬೇಡ. ಕುಂಕುಮ ಇಟ್ಟಿದ್ದರೆ ಒರೆಸಬೇಡ, ಯಾರೋ ದಿನಾ ಪೂಜೆ ಮಾಡುತ್ತಿರುತ್ತಾರೆ. ಊರು, ಕಿಲೋಮೀಟರು, ತಾರೀಕು ಪಟದ ಜೊತೆಗೇ ಬರೆದಿಡು. ನನ್ನ ಅಣ್ಣ ತೆಗೆದ ಹನ್ನೊಂದರಲ್ಲಿ ನಾಲ್ಕು ಪಟ ಯಾರ ಮನೆಯದು ಅಂತ ಈಗ ಹೇಳುವವರೇ ಇಲ್ಲ.

ಮಳೆ ಹಿಡಿಯುವ ಮುಂಚೆ ಶೆಟ್ಟಿಹಳ್ಳಿ ಚರ್ಚಿಗೆ ಹೋಗಬೇಕು ಅಂತ ಬರೆದಿದ್ದೀಯ. ಅದು ನನ್ನ ಎರಡನೇ ದಿಗಿಲು. ಎರಡನೇದೇನು, ಅದೇ ದಿಗಿಲು. 1860ರ ಸುಮಾರಿಗೆ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಗೋಡೆ. ಅದೇ ಗೊರೂರಿನ ಅಣೆಕಟ್ಟಿನ ಹಿನ್ನೀರು ಬಂದ ಮೇಲೆ ಮಳೆಗಾಲಕ್ಕೆಲ್ಲ ನೀರಲ್ಲಿ ನೆನೆಯುತ್ತದೆ, ಬೇಸಿಗೆಗೆಲ್ಲ ಒಣಗುತ್ತದೆ. 40 ವರ್ಷದ ಮೇಲಾಯಿತು ಹೀಗೆ ನೆನೆದು ಒಣಗಿ. ಕಮಾನಿನ ಕೆಳಗೆ ನಿಂತು ಮೇಲಕ್ಕೆ ನೋಡುವ ಪಟ ಎಲ್ಲರೂ ತೆಗೆದಿದ್ದಾರೆ. ನಿನಗೆ ಅದು ಬೇಡ ಮಗಳೇ. ದೂರದಿಂದ, ನೀರೂ ಕಾಣುವ ಹಾಗೆ ತೆಗಿ.

ಇಲ್ಲ ಅಂದರೆ ನನ್ನನ್ನೂ ಕರೆದುಕೊಂಡು ಹೋಗು. ಊರು ಬಿಟ್ಟ ಮೇಲೆ ನಾನು ಆ ನೀರಿನ ದಡಕ್ಕೆ ಹೋಗಿಯೇ ಇಲ್ಲ. ದಡದಲ್ಲಿ ಕೂತಿರುತ್ತೇನೆ, ನೀನು ಹತ್ತಿರ ಹೋದರೆ ಕೂಗುತ್ತೇನೆ. ದೊಡ್ಡಪ್ಪ ಬರುತ್ತಾನಾ ಅಂತ ನೀನೇ ಕೇಳು. ನನಗೆ ಕೇಳಲು ಆಗುವುದಿಲ್ಲ.

ಮೊಳೆ ತುಕ್ಕು ಹಿಡಿದಿತ್ತಾ? ಟಿ.ಟಿ. ಇಂಜೆಕ್ಷನ್ ಹಾಕಿಸಿಕೊಂಡೆಯಾ? ಬೇರೆ ಏನೂ ಬರೆಯದಿದ್ದರೂ ಪರವಾಗಿಲ್ಲ, ಅದಕ್ಕೆ ಮೊದಲು ಉತ್ತರ ಬರಿ.

ನಿನ್ನ
ಅತ್ತೆ